ಬೇಸಗೆಯ ಹುಲ್ಲು

ಹುಲ್ಲಿನ ವಿಷಯದಲ್ಲಿ ನಮ್ಮ ಭಾಷೆ ಅಷ್ಟೇನೂ ಉದಾರವಾಗಿಲ್ಲ. ಲೆಕ್ಕಕ್ಕೆ ಬಾರದ ವಸ್ತುವನ್ನು ತೃಣಸಮಾನವೆನ್ನುತ್ತೇವೆ. ಒಬ್ಬರನ್ನು ಕಡೆಗಣಿಸುವುದಕ್ಕೆ ತೃಣೀಕರಿಸುವುದೆಂದು ಹೆಸರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎಂಬ ಗಾದೆಯಲ್ಲಿ ಕೂಡ ಎದ್ದು ಕಾಣುವುದು ಹುಲ್ಲಿನ ನಿಶ್ಶಕ್ತಿಯೇ. ಚೌತಿಯ ದಿನ ಗಣಪತಿಗೆ ಗರಿಕೆಯನ್ನು ಹುಡುಕಿಕೊಂಡು ಹೋಗುವವರು ಮಾರನೆಯ ದಿನ ಅದೇ ಗರಿಕೆಯನ್ನು ಮೆಟ್ಟಿ ನಡೆಯುತ್ತಾರೆ. ಮೆಟ್ಟಿದ್ದರಿಂದ ಅದಕ್ಕೆ ಏನೂ ಆಗುವುದಿಲ್ಲವೆಂಬುದು ನಮಗೆಲ್ಲ ತಿಳಿದ ಸಂಗತಿ. ಆದರೆ ಏಕೆ ಆಗುವುದಿಲ್ಲವೆಂದು ಕೇಳಿಕೊಂಡವರು ಕಡಿಮೆ.

ಈ ಪ್ರಶ್ನೆಯನ್ನು ಜೀವನೋಪಾಯವಾಗಿ ಕೇಳಿಕೊಳ್ಳುವ ಒಂದು ವರ್ಗದ ಜನ ಜಗತ್ತಿನಲ್ಲಿದ್ದಾರೆ. ಅವರು ಗಾಲ್ಫ್ ಬಯಲುಗಳ ಹುಲ್ಲನ್ನು ಕಾಯುವವರು. ನಾನು ಆ ಆಟವನ್ನು ಆಡಿದವನಲ್ಲ. ಅದರ ಗೆಲುವು ಸೋಲುಗಳಲ್ಲಿ ನನಗೆ ವಿಶೇಷ ಆಸಕ್ತಿಯೂ ಇಲ್ಲ. ಆದರೆ ಸುಡುವ ಬಿಸಿಲಿನಲ್ಲಿ, ಮಳೆಯಿಲ್ಲದ ತಿಂಗಳುಗಳಲ್ಲಿ ಒಂದು ಹುಲ್ಲಿನ ಹಾಸನ್ನು ಬದುಕಿಸಿಕೊಳ್ಳುವುದು ಹೇಗೆಂಬ ವಿದ್ಯೆ ಮಾತ್ರ ಬಹು ಸ್ವಾರಸ್ಯವಾದದ್ದು. ಅದರಲ್ಲಿ ಸಸ್ಯಶಾಸ್ತ್ರವಿದೆ, ಮಣ್ಣಿನ ಶಾಸ್ತ್ರವಿದೆ. ಎಲ್ಲಕ್ಕಿಂತ ಮಿಗಿಲಾಗಿ, ನೀರನ್ನು ಯಾರಿಗೆ ಎಷ್ಟು ಕೊಡಬೇಕೆಂಬ ಧರ್ಮಸಂಕಟವಿದೆ. ಆ ಸಂಕಟ ನಮ್ಮ ಊರುಗಳಿಗೂ ಬಂದಿರುವುದರಿಂದ ಈ ವಿದ್ಯೆಯನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳುವುದು ನಿರರ್ಥಕವಾಗಲಾರದೆಂದು ನನ್ನ ನಂಬಿಕೆ.

ಮೊದಲು ಬಯಲಿನ ಪರಿಚಯ. ಹದಿನೆಂಟು ಕುಳಿಗಳ ಒಂದು ಪೂರ್ಣ ಗಾಲ್ಫ್ ಬಯಲಿಗೆ ಸಾಮಾನ್ಯವಾಗಿ ನೂರಿಪ್ಪತ್ತರಿಂದ ನೂರೈವತ್ತು ಎಕರೆ ಭೂಮಿ ಬೇಕು. ಚೆಂಡನ್ನು ಮೊದಲ ಸಲ ಹೊಡೆಯುವ ಜಗಲಿಗೆ ಟೀ ಎಂದು ಹೆಸರು. ಅಲ್ಲಿಂದ ಮುಂದಕ್ಕೆ ಚಾಚಿಕೊಂಡಿರುವ ಕತ್ತರಿಸಿದ ಹುಲ್ಲಿನ ದಾರಿ ಫೇರ್‌ವೇ. ಅದರ ಎರಡು ಮಗ್ಗುಲಿಗೂ ಎತ್ತರವಾಗಿ ಬಿಟ್ಟ ಒರಟು ಹುಲ್ಲು ರಫ್. ಕೊನೆಯಲ್ಲಿ, ಕುಳಿಯ ಸುತ್ತ, ರತ್ನಗಂಬಳಿಯಂತೆ ನುಣ್ಣಗಿರುವ ಜಾಗವೇ ಗ್ರೀನ್. ಹದಿನೆಂಟು ಗ್ರೀನುಗಳನ್ನು ಒಟ್ಟುಗೂಡಿಸಿದರೂ ಎರಡು ಮೂರು ಎಕರೆಯನ್ನು ಮೀರುವುದಿಲ್ಲ. ಆದರೆ ಕಾಯುವವನ ನಿದ್ದೆಗೆಡಿಸುವುದು ಈ ಎರಡು ಮೂರು ಎಕರೆಯೇ. ಫೇರ್‌ವೇಯ ಹುಲ್ಲನ್ನು ಸುಮಾರು ಹನ್ನೆರಡು ಮಿಲಿಮೀಟರ್ ಎತ್ತರಕ್ಕೆ ಬಿಡುತ್ತಾರೆ. ಗ್ರೀನಿನ ಹುಲ್ಲನ್ನಾದರೋ ಮೂರು ನಾಲ್ಕು ಮಿಲಿಮೀಟರಿಗೆ, ಅಂದರೆ ಒಂದು ಅಕ್ಕಿಕಾಳಿನ ಉದ್ದಕ್ಕಿಂತ ಗಿಡ್ಡವಾಗಿ, ದಿನಬೆಳಗಾದರೆ ಕತ್ತರಿಸುತ್ತಾರೆ. ಒಂದು ಜೀವಂತ ಸಸ್ಯವನ್ನು ಈ ಸ್ಥಿತಿಯಲ್ಲಿಟ್ಟು, ಅದರ ಮೇಲೆ ಏಪ್ರಿಲ್ ತಿಂಗಳ ಬಿಸಿಲು ಬಿದ್ದರೆ ಏನಾಗಬಹುದೆಂಬುದನ್ನು ಊಹಿಸಬಹುದು.

ಈ ಆಟ ಹುಟ್ಟಿದ ನಾಡಿನಲ್ಲಿ ಇಂಥ ಕಷ್ಟವಿರಲಿಲ್ಲ. ಸ್ಕಾಟ್‌ಲೆಂಡಿನ ಪೂರ್ವ ಕರಾವಳಿಯಲ್ಲಿ, ಕಡಲಿಗೂ ಹೊಲಗಳಿಗೂ ನಡುವೆ, ಮರಳುದಿಣ್ಣೆಗಳ ಒಂದು ಪಟ್ಟಿಯಿದೆ. ಅದಕ್ಕೆ ಲಿಂಕ್ಸ್ ಎನ್ನುತ್ತಾರೆ. ಕೊಂಡಿ ಎಂಬರ್ಥದ ಇಂಗ್ಲಿಷ್ ಪದಕ್ಕೂ ಇದಕ್ಕೂ ಸಂಬಂಧವಿಲ್ಲ; ದಿಬ್ಬವೆಂಬ ಅರ್ಥವುಳ್ಳ ಹಳೆಯ ಇಂಗ್ಲಿಷಿನ ಒಂದು ಶಬ್ದದಿಂದ ಅದು ಬಂದದ್ದು. ಬೇಸಾಯಕ್ಕೆ ಬಾರದ ಆ ಮರಳುನೆಲದಲ್ಲಿ ಸೂಜಿಯಂಥ ಎಲೆಯ ಫೆಸ್ಕ್ಯೂ ಹುಲ್ಲೂ ಬೆಂಟ್ ಎಂಬ ಹುಲ್ಲೂ ತಾವಾಗಿ ಬೆಳೆದಿದ್ದವು. ಕುರಿಗಳೂ ಮೊಲಗಳೂ ಮೇಯ್ದು ಅದನ್ನು ಗಿಡ್ಡವಾಗಿ ಇಟ್ಟಿದ್ದವು. ಕಡಲ ಮೇಲಿನ ತಂಪುಗಾಳಿ, ಆಗಾಗ ಬೀಳುವ ಜಿನುಗುಮಳೆ. ನೀರು ಹಾಯಿಸುವ ಪ್ರಶ್ನೆಯೇ ಏಳಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸೇಂಟ್ ಆಂಡ್ರೂಸ್ ಬಯಲನ್ನು ನೋಡಿಕೊಳ್ಳುತ್ತಿದ್ದ ಟಾಮ್ ಮಾರಿಸ್ ಎಂಬ ವೃದ್ಧ ಹುಲ್ಲಿನ ಮೇಲೆ ಮರಳು ಎರಚುವುದನ್ನೇ ಮುಖ್ಯ ಉಪಚಾರವೆಂದು ನಂಬಿದ್ದನು. ಇಂದಿನ ಶಾಸ್ತ್ರವೂ ಅವನ ನಂಬಿಕೆಯನ್ನು ಎತ್ತಿಹಿಡಿಯುತ್ತದೆ.

ಸಾಮ್ರಾಜ್ಯದ ಜೊತೆಗೆ ಆಟವೂ ಹಡಗು ಹತ್ತಿತು. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಗಾಲ್ಫ್ ಸಂಘಗಳು ಸ್ಥಾಪನೆಯಾದವು. ತಂಪುನಾಡಿನ ಆಟ ಬಿಸಿನಾಡಿಗೆ ಬಂದಾಗ ಹುಲ್ಲು ಜೊತೆಗೆ ಬರಲು ಒಪ್ಪಲಿಲ್ಲ. ಆಗಿನವರು ಕಂಡುಕೊಂಡ ಉಪಾಯ ಬಹು ಸರಳವಾದದ್ದು. ಕುಳಿಯ ಸುತ್ತ ಹುಲ್ಲಿನ ಬದಲು ಮರಳನ್ನು ಹಾಸಿ, ಗಾಳಿಗೆ ಹಾರದಂತೆ ಎಣ್ಣೆ ಬೆರೆಸಿ, ಸಮನಾಗಿ ಎಳೆದು ಅದರ ಮೇಲೆ ಆಡುತ್ತಿದ್ದರು. ಇಂಥವನ್ನು ಗ್ರೀನ್ ಎನ್ನಲು ಬಾಯಿ ಬಾರದೆ ಬ್ರೌನ್ ಎಂದು ಕರೆದರು. ಭಾರತ, ಆಫ್ರಿಕ, ಆಸ್ಟ್ರೇಲಿಯಗಳ ಒಣನಾಡುಗಳಲ್ಲೆಲ್ಲ ಈ ಬ್ರೌನುಗಳು ಬಹುಕಾಲ ಬಳಕೆಯಲ್ಲಿದ್ದವು. ನೀರಿಲ್ಲದ ಕಡೆ ಆಟ ತನ್ನ ಬಣ್ಣವನ್ನು ಬದಲಿಸಿಕೊಂಡಿತು. ಅದರಿಂದ ಆಟಕ್ಕೆ ಅವಮಾನವಾಯಿತೆಂದು ಯಾರೂ ಭಾವಿಸಲಿಲ್ಲ.

ಇನ್ನು ಹುಲ್ಲಿನ ಬಾಯಾರಿಕೆಯ ವಿಷಯ. ಬೇರು ಹೀರಿದ ನೀರೆಲ್ಲ ಗಿಡದ ಮೈಗೆ ಸೇರುತ್ತದೆಂದು ನಾವು ತಿಳಿಯುತ್ತೇವೆ. ನಿಜವಾಗಿ ಸೇರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದು ಎಲೆಯ ಮೇಲಿರುವ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಹಾಗೆಂದ ಮಾತ್ರಕ್ಕೆ ಅದು ವ್ಯರ್ಥವಾದ ನೀರಲ್ಲ. ಮಣ್ಣಿನ ಹೂಜಿಯ ಮೈಯಿಂದ ನೀರು ಜಿನುಗಿ ಆರುವಾಗ ಒಳಗಿನ ನೀರು ತಣ್ಣಗಾಗುತ್ತದಷ್ಟೆ. ಎಲೆಯೂ ಅದೇ ರೀತಿ ತನ್ನನ್ನು ತಂಪಾಗಿಟ್ಟುಕೊಳ್ಳುತ್ತದೆ. ಒಂದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖಕ್ಕಿಂತ ಸುಮಾರು ಏಳು ಪಟ್ಟು ಶಾಖವನ್ನು ಅಷ್ಟೇ ನೀರು ಆವಿಯಾಗುವಾಗ ತನ್ನೊಡನೆ ಒಯ್ಯುತ್ತದೆ. ಬೇರು ಸರಬರಾಜು ಮಾಡುವುದಕ್ಕಿಂತ ಹೆಚ್ಚು ನೀರನ್ನು ಬಿಸಿಲೂ ಗಾಳಿಯೂ ಕೇಳತೊಡಗಿದಾಗ ಗಿಡ ತನ್ನ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆಗ ನೀರು ಉಳಿಯುತ್ತದೆ ನಿಜ. ಆದರೆ ತಂಪೂ ನಿಲ್ಲುತ್ತದೆ, ಗಾಳಿಯಿಂದ ಬರಬೇಕಾದ ಆಹಾರವೂ ನಿಲ್ಲುತ್ತದೆ. ಹೀಗೆ ಬಾಗಿಲು ತೆರೆದರೆ ದಾಹ, ಮುಚ್ಚಿದರೆ ಹಸಿವು ಎಂಬ ಇಕ್ಕಟ್ಟಿನಲ್ಲಿ ಬೇಸಗೆಯ ಹುಲ್ಲು ಬದುಕಬೇಕು.

ಈ ಇಕ್ಕಟ್ಟನ್ನು ಎಲ್ಲ ಹುಲ್ಲುಗಳೂ ಒಂದೇ ಬಗೆಯಾಗಿ ಎದುರಿಸುವುದಿಲ್ಲ. ಹುಲ್ಲುಗಳಲ್ಲಿ ಎರಡು ಪಂಗಡಗಳುಂಟು. ಬೆಂಟ್, ಫೆಸ್ಕ್ಯೂಗಳು ತಂಪುನಾಡಿನವು. 16ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅವು ಚೆನ್ನಾಗಿ ಚಿಗುರುತ್ತವೆ. ಗರಿಕೆಯಂಥವು ಬಿಸಿನಾಡಿನವು; ಅವುಗಳಿಗೆ 27ರಿಂದ 35 ಡಿಗ್ರಿ ಹಿತ. ಈ ಭೇದಕ್ಕೆ ಕಾರಣ ಎಲೆಯೊಳಗಿನ ಅಡುಗೆಯ ಕ್ರಮದಲ್ಲಿದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯಾಗಿಸುವ ಕಿಣ್ವಕ್ಕೆ ಒಂದು ದೌರ್ಬಲ್ಯವಿದೆ. ಸೆಕೆ ಹೆಚ್ಚಿದಂತೆ ಅದು ಇಂಗಾಲದ ಬದಲು ಆಮ್ಲಜನಕವನ್ನು ಹಿಡಿಯತೊಡಗಿ, ಮಾಡಿದ ಅಡುಗೆಯಲ್ಲಿ ಒಂದು ಪಾಲನ್ನು ತಾನೇ ಕೆಡಿಸುತ್ತದೆ. ತಂಪುನಾಡಿನ ಹುಲ್ಲಿಗೆ ಇದಕ್ಕೆ ಪರಿಹಾರವಿಲ್ಲ. ಬಿಸಿನಾಡಿನ ಹುಲ್ಲಾದರೋ ಇಂಗಾಲವನ್ನು ಮೊದಲೇ ಸಂಗ್ರಹಿಸಿ, ಒಳಮನೆಯ ಕೋಶಗಳಿಗೆ ಒಯ್ದು, ಅಲ್ಲಿ ದಟ್ಟವಾಗಿ ತುಂಬಿ ಆ ಕಿಣ್ವಕ್ಕೆ ಬಡಿಸುತ್ತದೆ. ಆದ್ದರಿಂದ ರಂಧ್ರಗಳನ್ನು ಅರ್ಧ ತೆರೆದರೂ ಅದರ ಸಂಸಾರ ನಡೆಯುತ್ತದೆ, ನೀರು ಉಳಿಯುತ್ತದೆ. ನಮ್ಮ ಧಾನ್ಯಗಳಲ್ಲಿಯೂ ಇದೇ ಭೇದವಿದೆ. ಭತ್ತ, ಗೋಧಿಗಳು ಮೊದಲ ಪಂಗಡ. ರಾಗಿ, ಜೋಳ, ಕಬ್ಬುಗಳು ಎರಡನೆಯದು. ಅದರಲ್ಲಿಯೂ ರಾಗಿಯೂ ಗರಿಕೆಯೂ ಸಸ್ಯಶಾಸ್ತ್ರದ ವಂಶಾವಳಿಯಲ್ಲಿ ಒಂದೇ ಉಪಕುಲಕ್ಕೆ ಸೇರಿದ ದಾಯಾದಿಗಳು. ಬಯಲುಸೀಮೆಯವರಿಗೆ ಈ ಸಂಬಂಧ ಆಶ್ಚರ್ಯವನ್ನುಂಟುಮಾಡಲಾರದು.

ಗರಿಕೆಗೆ ಇಂಗ್ಲಿಷಿನವರು ಬರ್ಮುಡಾ ಹುಲ್ಲು ಎನ್ನುತ್ತಾರೆ. ಹೆಸರು ಹಾಗಿದ್ದರೂ ಅದು ಬರ್ಮುಡಾ ದ್ವೀಪದ ಮೂಲನಿವಾಸಿಯಲ್ಲ. ಹಳೆಯ ಜಗತ್ತಿನಿಂದ ಅಮೆರಿಕಕ್ಕೆ ಹೋದ ವಲಸೆಗಾರ. ಅಮೆರಿಕದ ಜಾರ್ಜಿಯ ರಾಜ್ಯದ ಟಿಫ್ಟನ್ ಎಂಬಲ್ಲಿನ ಕೃಷಿ ಸಂಶೋಧನ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಈ ಗರಿಕೆಯನ್ನು ದಕ್ಷಿಣ ಆಫ್ರಿಕದ ಸಣ್ಣೆಲೆಯ ಸೋದರ ಜಾತಿಯೊಂದರೊಡನೆ ಕೂಡಿಸಿ ಹೊಸ ತಳಿಗಳನ್ನು ಪಡೆದರು. 1956ರಲ್ಲಿ ಟಿಫ್‌ಗ್ರೀನ್, 1960ರಲ್ಲಿ ಟಿಫ್‌ವೇ, 1965ರಲ್ಲಿ ಟಿಫ್‌ಡ್ವಾರ್ಫ್ ಹೊರಬಂದವು. ಗರಿಕೆಯಲ್ಲಿ 36 ವರ್ಣತಂತುಗಳು, ಆಫ್ರಿಕದ ಹುಲ್ಲಿನಲ್ಲಿ 18. ಎರಡರಿಂದಲೂ ಅರ್ಧರ್ಧ ಪಡೆದ ಮಗುವಿಗೆ 27. ಬೆಸಸಂಖ್ಯೆಯಾದ್ದರಿಂದ ಅದು ಬೀಜ ಕಟ್ಟಲಾರದು. ಕುಡಿಯನ್ನು ಮುರಿದು ನೆಟ್ಟೇ ಅದನ್ನು ಹೆಚ್ಚಿಸಬೇಕು. ಬಿಸಿನಾಡುಗಳ ಗಾಲ್ಫ್ ಬಯಲುಗಳಲ್ಲಿ ಬ್ರೌನುಗಳು ಹಿಂದೆ ಸರಿದು ಹಸುರು ಹಾಸು ಬಂದದ್ದಕ್ಕೆ ಈ ಬಂಜೆಹುಲ್ಲುಗಳು ಒಂದು ಮುಖ್ಯ ಕಾರಣ. ಕ್ಯಾಲಿಫೋರ್ನಿಯದಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ, ವಾತಾವರಣ ಹತ್ತು ಪಾಲು ನೀರನ್ನು ಕೇಳುವ ದಿನ ತಂಪುನಾಡಿನ ಹುಲ್ಲಿಗೆ ಎಂಟು ಪಾಲು ಬೇಕಾದರೆ ಬಿಸಿನಾಡಿನ ಹುಲ್ಲಿಗೆ ಆರು ಪಾಲು ಸಾಕು. ಹುಲ್ಲಿನ ಆಯ್ಕೆಯೊಂದರಿಂದಲೇ ಕಾಲುಭಾಗ ನೀರು ಉಳಿಯಿತೆಂದಾಯಿತು. ಬೇಸಗೆಯ ಆರೈಕೆ ಬೇಸಗೆಯಲ್ಲಿ ಆರಂಭವಾಗುವುದಿಲ್ಲ. ನೆಡುವ ದಿನವೇ ಆರಂಭವಾಗುತ್ತದೆ.

ಎರಡನೆಯ ಪಾಠ ಕತ್ತರಿಯದು. ಎಲೆಯೇ ಗಿಡದ ಅಡುಗೆಮನೆ. ಅದನ್ನು ಎಷ್ಟು ಗಿಡ್ಡ ಮಾಡಿದರೆ ಬೇರೂ ಅಷ್ಟು ಗಿಡ್ಡವಾಗುತ್ತದೆ. ಬಯಲಿನಲ್ಲಿ ಸ್ವತಂತ್ರವಾಗಿ ಬೆಳೆದ ಗರಿಕೆಯ ಬೇರು ಆಳವಾದ ಮಣ್ಣಿನಲ್ಲಿ ಒಂದು ಮೀಟರಿಗೂ ಮೀರಿ ಇಳಿಯಬಲ್ಲದು. ಮೂರು ಮಿಲಿಮೀಟರಿಗೆ ಕತ್ತರಿಸಿದ ಗ್ರೀನಿನ ಹುಲ್ಲಿಗೆ ಅಂಗುಲಗಳ ಲೆಕ್ಕದ ಬೇರು. ಅದರಲ್ಲಿಯೂ ಬೆಂಟ್ ಹುಲ್ಲಿನ ಪಾಡು ಕಷ್ಟ. ರಾತ್ರಿಯೂ ಸೆಕೆಯಿದ್ದರೆ ಅದು ಹಗಲಲ್ಲಿ ಗಳಿಸಿದ್ದಕ್ಕಿಂತ ಹೆಚ್ಚನ್ನು ಉಸಿರಾಟಕ್ಕೆ ವೆಚ್ಚ ಮಾಡಿ, ಸಾಲಗಾರನಂತೆ ದಿನೇ ದಿನೇ ಕೂಡಿಟ್ಟದ್ದನ್ನು ಕರಗಿಸುತ್ತದೆ. ಆಗ ಮೊದಲು ಸಾಯುವುದು ಬೇರು. ಆದ್ದರಿಂದ ಅನುಭವಿಯಾದವನು ಬಿಸಿಲು ಬಲಿತೊಡನೆ ಯಂತ್ರದ ಅಲಗನ್ನು ಅರ್ಧ ಮಿಲಿಮೀಟರಿನಷ್ಟು ಮೇಲಕ್ಕೆತ್ತುತ್ತಾನೆ. ನಮ್ಮ ಕಣ್ಣಿಗೆ ಕಾಣದ ಈ ಅರ್ಧ ಮಿಲಿಮೀಟರು ಮೂರು ಮಿಲಿಮೀಟರಿನ ಹುಲ್ಲಿಗೆ ಆರರಲ್ಲಿ ಒಂದು ಪಾಲು ಆಸ್ತಿ. ಕೆಲವು ದಿನ ಕತ್ತರಿಸುವುದನ್ನೇ ಬಿಟ್ಟು ಹಗುರವಾದ ಉರುಳೆಯನ್ನು ಮಾತ್ರ ಎಳೆಸುತ್ತಾನೆ. ಚೆಂಡು ನುಣ್ಣಗೆ ಉರುಳುತ್ತದೆ, ಎಲೆಯೂ ಉಳಿಯುತ್ತದೆ. ಅಲಗು ಹರಿತವಾಗಿರಬೇಕೆಂಬುದೂ ಮುಖ್ಯ. ಮೊಂಡು ಅಲಗು ಎಲೆಯನ್ನು ಕತ್ತರಿಸದೆ ಹರಿಯುತ್ತದೆ. ಹರಿದ ಅಂಚಿನಿಂದ ನೀರು ಹೆಚ್ಚು ಸೋರಿಹೋಗುತ್ತದೆ, ರೋಗಕ್ಕೂ ದಾರಿಯಾಗುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ನೆಲಮಾಳಿಗೆ. ಅಮೆರಿಕದ ಗಾಲ್ಫ್ ಸಂಘ 1960ರಲ್ಲಿ ಗ್ರೀನುಗಳನ್ನು ಕಟ್ಟುವ ಒಂದು ಕ್ರಮವನ್ನು ಪ್ರಕಟಿಸಿತು. ಕೆಳಗೆ ನಾಲ್ಕಂಗುಲ ಜಲ್ಲಿ, ಅದರ ಮೇಲೆ ಒಂದು ಅಡಿ ಮರಳಿನ ಮಿಶ್ರಣ, ಮೇಲೆ ಹುಲ್ಲು. ಮರಳೆಂದರೆ ನೀರು ನಿಲ್ಲದು, ಬೇಸಗೆಯಲ್ಲಿ ಹುಲ್ಲಿಗೆ ಅದು ಶತ್ರುವಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ಇಲ್ಲಿಯೇ ಒಂದು ಚಮತ್ಕಾರವಿದೆ. ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹರವಿದರೆ ಮೇಲ್ಭಾಗ ಬೇಗ ಆರುತ್ತದೆ. ಕೆಳಗಿನ ಅಂಚು ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತದೆ. ಸಣ್ಣ ಕಣಗಳ ನಡುವೆ ಅಂಟಿಕೊಂಡ ನೀರು ಕೆಳಗಿರುವ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯಲು ಒಪ್ಪುವುದಿಲ್ಲ. ಹಾಗೆಯೇ ಜಲ್ಲಿಯ ನೆತ್ತಿಯ ಮೇಲೆ ಮರಳಿನ ತಳಭಾಗದಲ್ಲಿ ನೀರಿನ ಒಂದು ಪದರ ತೂಗುಬಿದ್ದಂತೆ ನಿಲ್ಲುತ್ತದೆ. ಮಳೆ ಹೆಚ್ಚಾದರೆ ಭಾರಕ್ಕೆ ತಾನಾಗಿ ಇಳಿದುಹೋಗುತ್ತದೆ. ಮೇಲೆ ಬೇರಿಗೆ ಗಾಳಿ, ಕೆಳಗೆ ನೀರು. ಆ ನೀರನ್ನು ಮುಟ್ಟಲು ಬೇರು ಕೆಳಗಿಳಿಯಬೇಕು. ಇಳಿಸುವುದು ನೀರು ಹಾಯಿಸುವವನ ಜಾಣತನ.

ಆ ಜಾಣತನದ ಸೂತ್ರ ಇಷ್ಟೆ: ಅಪರೂಪಕ್ಕೆ ಕೊಡು, ಆಳವಾಗಿ ಕೊಡು. ದಿನಾಲೂ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೇಲ್ಪದರ ಮಾತ್ರ ನೆನೆದು, ಬೇರು ಅಲ್ಲಿಯೇ ಹರಡಿಕೊಳ್ಳುತ್ತದೆ. ಒಂದು ದಿನ ನೀರು ತಪ್ಪಿದರೆ ಗತಿ ಕೆಡುತ್ತದೆ. ಚೆನ್ನಾಗಿ ನೆನೆಸಿ, ಮೇಲ್ಮಣ್ಣು ಆರುವವರೆಗೆ ಬಿಟ್ಟರೆ ಬೇರು ನೀರನ್ನು ಹುಡುಕಿಕೊಂಡು ಹೋಗುತ್ತದೆ. ನೀರು ಹಾಯಿಸಲು ಸೂರ್ಯೋದಯಕ್ಕೆ ಮುಂಚಿನ ಹೊತ್ತು ಶ್ರೇಷ್ಠ. ಆಗ ಗಾಳಿ ತಗ್ಗಿರುತ್ತದೆ, ಆವಿಯಾಗುವುದು ಕಡಿಮೆ. ಸಂಜೆ ಹಾಯಿಸಿದರೆ ಎಲೆ ಇಡೀ ರಾತ್ರಿ ಒದ್ದೆಯಾಗಿದ್ದು ಶಿಲೀಂಧ್ರಕ್ಕೆ ಆಹ್ವಾನವಾಗುತ್ತದೆ.

ಹುಲ್ಲಿಗೆ ಬಾಯಾರಿದೆಯೆಂದು ತಿಳಿಯುವುದು ಹೇಗೆ? ತೇವವನ್ನು ಅಳೆಯುವ ಉಪಕರಣಗಳು ಈಗ ಬಂದಿವೆ. ಆದರೂ ಹಳಬರ ಪರೀಕ್ಷೆ ಇನ್ನೂ ಸುಳ್ಳಾಗಿಲ್ಲ. ಹುಲ್ಲಿನ ಮೇಲೆ ನಡೆದು ಹಿಂತಿರುಗಿ ನೋಡಬೇಕು. ತುಳಿದ ಎಲೆ ಕೂಡಲೇ ಎದ್ದು ನಿಂತರೆ ಅದರಲ್ಲಿ ನೀರಿದೆ. ಹೆಜ್ಜೆಯ ಗುರುತು ಹಾಗೆಯೇ ಉಳಿದರೆ ಎಲೆಯೊಳಗಿನ ಒತ್ತಡ ಇಳಿದಿದೆ. ಹಸುರಿನಲ್ಲಿ ಬೂದಿ ಬೆರೆತ ನೀಲಿಯ ಛಾಯೆ ಕಂಡರೆ ಅದು ಮುಂದಿನ ಸೂಚನೆ. ನನ್ನ ಬೆಳಗಿನ ನಡಿಗೆಯ ದಾರಿಯಲ್ಲಿ ಇಂಥದೊಂದು ಬಯಲಿನ ಬೇಲಿಯಿದೆ. ಅಲ್ಲಿಯ ಮಾಲಿಗಳು ಕೊಳವೆ ಹಿಡಿದು, ಇಡೀ ಹಾಸನ್ನು ಬಿಟ್ಟು ಅಲ್ಲೊಂದು ಮೊಳ ಇಲ್ಲೊಂದು ಮಾರು ಮಾತ್ರ ನೆನೆಸುತ್ತ ಹೋಗುವುದನ್ನು ನೋಡಿದ್ದೇನೆ. ತಿಳಿಯದವರಿಗೆ ಅದು ಸೋಮಾರಿತನದಂತೆ ಕಂಡೀತು. ವಾಸ್ತವವಾಗಿ ಅದು ಈ ಉದ್ಯೋಗದ ಅತ್ಯುನ್ನತ ಕೌಶಲ. ಯಂತ್ರದ ಚಿಲುಮೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಬಡಿಸುತ್ತದೆ. ಕೈಯಲ್ಲಿ ಹಿಡಿದ ಕೊಳವೆ ಹಸಿದವರನ್ನು ಗುರುತಿಸಿ ಬಡಿಸುತ್ತದೆ.

ನಡುಹಗಲಿನಲ್ಲಿ ಕೆಲವೊಮ್ಮೆ ಮಂಜಿನಂತೆ ಒಂದೆರಡು ನಿಮಿಷ ನೀರು ಸಿಂಪಡಿಸುವುದುಂಟು. ಇದು ಬೇರಿಗೆ ಕುಡಿಸುವುದಕ್ಕಲ್ಲ, ಎಲೆಯನ್ನು ತಣಿಸುವುದಕ್ಕೆ. ಜ್ವರ ಬಂದವರ ಹಣೆಗೆ ಒದ್ದೆಬಟ್ಟೆ ಹಾಕಿದ ಹಾಗೆ. ನೀರು ಆರುವಾಗ ಶಾಖವನ್ನು ಒಯ್ಯಬೇಕಾದ್ದರಿಂದ ಒಣಗಾಳಿಯ ನಾಡಿನಲ್ಲಿ ಇದು ಫಲ ಕೊಡುತ್ತದೆ. ಕರಾವಳಿಯ ಬೆವರುಗಾಳಿಯಲ್ಲಿ ಪ್ರಯೋಜನ ಅಲ್ಪ. ಅತಿಯಾದರಂತೂ ಅಪಾಯ. ಬಿಸಿಲಿನಲ್ಲಿ ಬಾಡಿದ್ದನ್ನು ಕಂಡೊಡನೆ ನೀರು ಸುರಿಯುವುದು ಹೊಸಬರ ಸ್ವಭಾವ. ಆದರೆ ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರು ಉಸಿರುಗಟ್ಟಿದಾಗಲೂ ಹುಲ್ಲು ಬಾಡುತ್ತದೆ. ಸುತ್ತ ನೀರಿದ್ದೂ ಕುಡಿಯಲಾರದೆ ಬಾಡುವ ಈ ಸ್ಥಿತಿಯನ್ನು ದಾಹವೆಂದು ತಪ್ಪಾಗಿ ತಿಳಿದು ಮತ್ತಷ್ಟು ನೀರೆರೆದರೆ ಕಥೆ ಮುಗಿಯಿತು. ನಿಂತ ನೀರು ಬಿಸಿಲಿಗೆ ಕಾದು ಹುಲ್ಲನ್ನು ಬೇಯಿಸುವುದೂ ಉಂಟು. ಬೇಸಗೆಯಲ್ಲಿ ನೀರಿಲ್ಲದೆ ಸತ್ತ ಹುಲ್ಲಿನಂತೆಯೇ ನೀರು ಹೆಚ್ಚಾಗಿ ಸತ್ತ ಹುಲ್ಲೂ ಇದೆಯೆಂಬುದನ್ನು ಈ ಕಸುಬಿನವರು ಬಲ್ಲರು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಮರಳಿನ ನೆಲದಲ್ಲಿ ಅಲ್ಲಲ್ಲಿ ಎಷ್ಟು ನೀರು ಹಾಕಿದರೂ ನೆನೆಯದ ಮಚ್ಚೆಗಳು ಬೀಳುತ್ತವೆ. ಕೊಳೆತ ಸಸ್ಯಾಂಶದಿಂದ ಹುಟ್ಟಿದ ಮೇಣದಂಥ ಲೇಪ ಮರಳಿನ ಕಣಗಳನ್ನು ಮುಚ್ಚಿ, ಕೆಸುವಿನ ಎಲೆಯ ಮೇಲಿನಂತೆ ನೀರು ಹನಿಯಾಗಿ ಉರುಳಿಹೋಗುತ್ತದೆ. ಮಣ್ಣು ಪೂರ್ತಿ ಒಣಗಿದಷ್ಟೂ ಈ ಹಟ ಹೆಚ್ಚು. ಇದಕ್ಕೆ ಮದ್ದು ಸಾಬೂನಿನ ಗುಣವುಳ್ಳ ದ್ರಾವಣಗಳು. ಅವು ನೀರಿಗೂ ಮಣ್ಣಿಗೂ ರಾಜಿ ಮಾಡಿಸುತ್ತವೆ. ಸೂಜಿಯಂಥ ಸಲಾಕೆಗಳಿಂದ ಸಣ್ಣ ರಂಧ್ರಗಳನ್ನು ಚುಚ್ಚಿದರೆ ನೀರೂ ಗಾಳಿಯೂ ಒಳಗಿಳಿಯುತ್ತವೆ. ಮಣ್ಣಿನ ತಿರುಳನ್ನೇ ಕೀಳುವ ದೊಡ್ಡ ಕೊರೆತವನ್ನು ಮಾತ್ರ ಬಿಸಿಲು ಏರುವುದಕ್ಕೆ ಮೊದಲೇ ಮುಗಿಸಿರಬೇಕು. ಗೊಬ್ಬರದಲ್ಲಿಯೂ ಸಂಯಮ ಬೇಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು ನೀರಿನ ಖರ್ಚು ಏರುತ್ತದೆ. ಬರಗಾಲದಲ್ಲಿ ಸಂಸಾರವನ್ನು ಹೆಚ್ಚಿಸಿಕೊಳ್ಳುವುದು ಹುಲ್ಲಿಗೂ ವಿವೇಕವಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ನೀರಿನ ಲೆಕ್ಕ ಉಳಿಯುತ್ತದೆ. ಅದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಒಂದು ಲೀಟರ್. ಬಿಸಿಲೂ ಗಾಳಿಯೂ ಕೂಡಿದ ದಿನ ಹುಲ್ಲುಹಾಸಿನಿಂದ ಐದು ಮಿಲಿಮೀಟರ್ ನೀರು ಆರಿಹೋಗುವುದು ಅಸಾಮಾನ್ಯವಲ್ಲ. ಒಂದು ಎಕರೆಗೆ ಅದು ಸುಮಾರು 20,000 ಲೀಟರು. ಒಂದು ಬಯಲಿನಲ್ಲಿ ನೀರುಣಿಸುವ ಭಾಗ 80 ಎಕರೆಯೆಂದು ಹಿಡಿದರೆ ದಿನಕ್ಕೆ 16 ಲಕ್ಷ ಲೀಟರು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ಬೇಕೆಂಬುದು ನಮ್ಮ ದೇಶದಲ್ಲಿ ಒಪ್ಪಿತವಾದ ಅಳತೆ. ಆ ಲೆಕ್ಕದಲ್ಲಿ ಒಂದು ಬಯಲಿನ ಒಂದು ದಿನದ ದಾಹ ಹನ್ನೆರಡು ಸಾವಿರ ಜನರ ಒಂದು ದಿನದ ನೀರು. ಆದರೆ ಗ್ರೀನುಗಳ ಮೂರು ಎಕರೆಯನ್ನಷ್ಟೇ ಉಳಿಸಿಕೊಳ್ಳುವುದಾದರೆ 60,000 ಲೀಟರು ಸಾಕು. ಎಲ್ಲವನ್ನೂ ಹಸುರಾಗಿಡುವುದಕ್ಕೂ ಆಟವನ್ನು ಉಳಿಸುವುದಕ್ಕೂ ನಡುವೆ ಇರುವ ಅಂತರ ಈ ಎರಡು ಅಂಕಿಗಳಲ್ಲಿದೆ.

ಈ ಅಂತರ ಎಲ್ಲ ಕಡೆಯೂ ಶಾಂತವಾಗಿ ಇತ್ಯರ್ಥವಾಗಿಲ್ಲ. 2022ರ ಬೇಸಗೆಯಲ್ಲಿ ಫ್ರಾನ್ಸ್ ದೇಶ ಕಡುಬರಕ್ಕೆ ತುತ್ತಾಯಿತು. ಮನೆಯ ಕೈತೋಟಕ್ಕೆ ನೀರು ಹಾಕಬಾರದೆಂದು ನಿಷೇಧವಿದ್ದರೂ ಗಾಲ್ಫ್ ಗ್ರೀನುಗಳಿಗೆ ರಿಯಾಯಿತಿ ದೊರೆಯಿತು. ಇದರಿಂದ ಸಿಟ್ಟಾದ ಕೆಲವರು ತುಲೂಸ್ ನಗರದ ಸಮೀಪದ ಬಯಲುಗಳಲ್ಲಿ ಕುಳಿಗಳಿಗೆ ಸಿಮೆಂಟು ತುಂಬಿದರು. ಅವರು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಆದರೆ ಕೊಡ ಹಿಡಿದು ಸಾಲಿನಲ್ಲಿ ನಿಂತವನ ಕಣ್ಣಿಗೆ ಬೇಲಿಯಾಚೆಯ ಹಸುರು ಹೇಗೆ ಕಾಣುತ್ತದೆಂಬುದನ್ನು ಅರ್ಥ ಮಾಡಿಕೊಳ್ಳಬಹುದು. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ವಾಹನ ತೊಳೆಯುವುದಕ್ಕೆ, ಕೈತೋಟಕ್ಕೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಿದರೆ 5,000 ರೂಪಾಯಿ ದಂಡವೆಂದು ಸಾರಿದ್ದು ನಮ್ಮಲ್ಲಿ ಬಹುಮಂದಿಗೆ ನೆನಪಿರಬಹುದು.

ಊರಿನ ಬಚ್ಚಲುನೀರನ್ನು ಶುದ್ಧಿಮಾಡಿ ಹುಲ್ಲಿಗೆ ಕೊಡುವುದು ಇದಕ್ಕೆ ಒಂದು ನ್ಯಾಯವಾದ ಉತ್ತರ. ಅನೇಕ ದೇಶಗಳಲ್ಲಿ ಈ ಪದ್ಧತಿಯಿದೆ. ಅಂಥ ನೀರಿನಲ್ಲಿ ಸ್ವಲ್ಪ ಗೊಬ್ಬರದ ಅಂಶವೂ ಇರುವುದರಿಂದ ಲಾಭ ಇಮ್ಮಡಿ. ಆದರೆ ಅದರಲ್ಲಿ ಉಪ್ಪೂ ಹೆಚ್ಚು. ಉಪ್ಪು ಕ್ರಮೇಣ ಬೇರಿನ ಸುತ್ತ ಸಂಗ್ರಹವಾಗುತ್ತದೆ. ಅದರಲ್ಲಿನ ಸೋಡಿಯಂ ಜೇಡಿಮಣ್ಣನ್ನು ಗಟ್ಟಿಯಾಗಿಸಿ ನೀರು ಇಂಗದಂತೆ ಮಾಡುತ್ತದೆ. ಜಿಪ್ಸಂ ಬೆರೆಸುವುದು, ಆಗಾಗ ಯಥೇಚ್ಛವಾಗಿ ನೀರು ಹಾಯಿಸಿ ಉಪ್ಪನ್ನು ಬೇರಿನಿಂದ ಕೆಳಕ್ಕೆ ತೊಳೆಯುವುದು ಇದರ ಚಿಕಿತ್ಸೆ. ಇಲ್ಲಿಯೂ ಗರಿಕೆಯೇ ಮೇಲು; ಬೆಂಟ್ ಹುಲ್ಲಿಗಿಂತ ಅದು ಉಪ್ಪನ್ನು ಚೆನ್ನಾಗಿ ಸಹಿಸುತ್ತದೆ.

ಇಷ್ಟಾದರೂ ಹುಲ್ಲು ಸದಾ ಮರಕತದಂತೆ ಇರಬೇಕೆಂಬ ಹಂಬಲ ಎಲ್ಲಿಂದ ಬಂತು? ಇದರ ಮೂಲವನ್ನು ಬಲ್ಲವರು ಅಮೆರಿಕದ ಆಗಸ್ಟಾ ಎಂಬ ಊರಿನ ಕಡೆಗೆ ಬೆರಳು ತೋರಿಸುತ್ತಾರೆ. ಅಲ್ಲಿಯ ಪ್ರಸಿದ್ಧ ಪಂದ್ಯ 1966ರಿಂದ ವರ್ಣದ ದೂರದರ್ಶನದಲ್ಲಿ ಪ್ರಸಾರವಾಗತೊಡಗಿತು. ಕಲೆಯೊಂದಿಲ್ಲದ ಆ ಹಸುರನ್ನು ಕಂಡ ಊರೂರಿನ ಆಟಗಾರರು ತಮ್ಮ ಬಯಲೂ ಹಾಗೆಯೇ ಇರಬೇಕೆಂದು ಹಟ ಹಿಡಿದರು. ಆದರೆ ಆ ಪಂದ್ಯ ನಡೆಯುವುದು ಏಪ್ರಿಲಿನಲ್ಲಿ. ಅಲ್ಲಿ ಅದು ವಸಂತ. ಕಾಣುವ ಹಸುರಿನಲ್ಲಿ ಹೆಚ್ಚಿನ ಭಾಗ ಚಳಿಗಾಲಕ್ಕೆಂದು ಗರಿಕೆಯ ಮೇಲೆ ಬಿತ್ತಿದ ರೈ ಹುಲ್ಲು. ಮೇ ತಿಂಗಳು ಕಳೆಯುವುದರೊಳಗೆ ಆ ಸಂಘ ಬಾಗಿಲು ಮುಚ್ಚಿ, ಇಡೀ ಬೇಸಗೆ ಆಟ ನಿಲ್ಲಿಸಿ, ಅಕ್ಟೋಬರಿನಲ್ಲಿ ತೆರೆಯುತ್ತದೆ. ಜಗತ್ತು ಬೇಸಗೆಯಲ್ಲಿ ಅನುಕರಿಸಲು ಹೊರಟ ಆ ಹಸುರಿನ ಮೇಲೆ ಅದರ ಒಡೆಯರೇ ಬೇಸಗೆಯಲ್ಲಿ ಆಡುವುದಿಲ್ಲ.

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆ. ಇಂಗ್ಲೆಂಡಿನ ಹಾಯ್‌ಲೇಕ್ ಬಯಲಿನಲ್ಲಿ 2006ರಲ್ಲಿ, ಸ್ಕಾಟ್‌ಲೆಂಡಿನ ಕಾರ್ನೂಸ್ಟಿಯಲ್ಲಿ 2018ರಲ್ಲಿ ನಡೆದ ಓಪನ್ ಪಂದ್ಯಗಳ ಹೊತ್ತಿಗೆ ಮಳೆಯಿಲ್ಲದೆ ಫೇರ್‌ವೇಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು. ಗಟ್ಟಿನೆಲದಲ್ಲಿ ಚೆಂಡು ಪುಟಿದು ಬಹುದೂರ ಓಡುತ್ತಿತ್ತು. ಹಾಯ್‌ಲೇಕಿನಲ್ಲಿ ಗೆದ್ದ ಟೈಗರ್ ವುಡ್ಸ್ ನಾಲ್ಕು ದಿನಗಳಲ್ಲಿ ಅತಿ ದೂರ ಹೊಡೆಯುವ ದಾಂಡನ್ನು ಒಂದೇ ಒಂದು ಸಲ ಬಳಸಿದರು. ಬಲಕ್ಕಿಂತ ಯೋಚನೆಗೆ ಬೆಲೆ ಬಂದ ಪಂದ್ಯ ಅದು. ಉತ್ತರ ಕ್ಯಾರೊಲಿನದ ಪೈನ್‌ಹರ್ಸ್ಟ್ ಬಯಲಿನ ಕಥೆ ಇನ್ನೂ ಬೋಧಪ್ರದ. 1935ರವರೆಗೆ ಅಲ್ಲಿಯೂ ಮರಳಿನ ಗ್ರೀನುಗಳೇ ಇದ್ದವು. ಅನಂತರ ಹುಲ್ಲು ಬಂತು, ನೀರು ಬಂತು, ಅಂಚಿನಿಂದ ಅಂಚಿಗೆ ಹಸುರು ಹರಡಿತು. 2010–11ರಲ್ಲಿ ಅದನ್ನು ಪುನಃ ರೂಪಿಸಿದವರು ಹತ್ತಾರು ಎಕರೆ ಹುಲ್ಲನ್ನು ಕಿತ್ತು, ಮರಳನ್ನೂ ಕಾಡುಹುಲ್ಲನ್ನೂ ಮರಳಿ ತಂದರು. ಸುಮಾರು 1,150 ಇದ್ದ ನೀರಿನ ಚಿಲುಮೆಗಳು ಸುಮಾರು 450ಕ್ಕೆ ಇಳಿದವು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಪಂದ್ಯ ಆ ಕಂದುಬಣ್ಣದ ಬಯಲಿನಲ್ಲಿಯೇ ನಡೆಯಿತು.

ಒಣಗಿದ ಹುಲ್ಲು ಸತ್ತ ಹುಲ್ಲಲ್ಲವೆಂಬುದೇ ಇವೆಲ್ಲದರ ಹಿಂದಿರುವ ಸತ್ಯ. ಗರಿಕೆ ನೀರಿಲ್ಲದಾಗ ಎಲೆಯ ಆಸೆಯನ್ನು ಬಿಟ್ಟು, ನೆಲದೊಳಗಿನ ಕಾಂಡದ ಗೆಣ್ಣುಗಳಲ್ಲಿ ಜೀವವನ್ನು ಬಚ್ಚಿಟ್ಟುಕೊಳ್ಳುತ್ತದೆ. ಮೆಟ್ಟಿದರೂ ಸಾಯದಿರುವುದರ ಗುಟ್ಟೂ ಇದೇ; ಕಾಲಿಗೆ ಸಿಕ್ಕುವುದು ಎಲೆ ಮಾತ್ರ, ಮುಂದೆ ಚಿಗುರಬೇಕಾದ ಕಣ್ಣು ನೆಲದೊಳಗಿರುತ್ತದೆ. ನಮ್ಮ ಗೋಮಾಳಗಳು ವೈಶಾಖದಲ್ಲಿ ಬೂದಿಬಣ್ಣ ತಾಳಿ, ಮೊದಲ ಮಳೆ ಬಿದ್ದ ವಾರದೊಳಗೆ ಹಸುರಾಗುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿದ್ದಾರೆ. ಅದನ್ನು ನೋಡಿ ಯಾರೂ ನೀರಿನ ಕೊಳವೆ ಹಿಡಿದು ಓಡಲಿಲ್ಲ.

ಮನೆಯ ಮುಂದೆ ನಾಲ್ಕು ಮೊಳ ಹುಲ್ಲು ಬೆಳೆಸಿರುವವರು ಈ ವಿದ್ಯೆಯಿಂದ ಕೆಲವು ಸಂಗತಿಗಳನ್ನು ಎತ್ತಿಕೊಳ್ಳಬಹುದು. ಗರಿಕೆಯ ಜಾತಿಯನ್ನೇ ನೆಡುವುದು. ಬೇಸಗೆಯಲ್ಲಿ ಎತ್ತರವಾಗಿ ಬಿಡುವುದು. ವಾರಕ್ಕೆ ಒಂದೆರಡು ಸಲ, ಬೆಳಕು ಹರಿಯುವ ಮುನ್ನ, ಆಳವಾಗಿ ನೆನೆಸುವುದು. ಪಾತ್ರೆ ಬಟ್ಟೆ ಜಾಲಿಸಿದ ನೀರಿದ್ದರೆ ಅದನ್ನೇ ಬಳಸುವುದು. ಊರಿಗೇ ನೀರಿಲ್ಲದಾಗ ಹುಲ್ಲನ್ನು ಅದರ ಪಾಡಿಗೆ ಬಿಟ್ಟು ಮಳೆಗೆ ಕಾಯುವುದು. ಈ ಕೊನೆಯದು ಎಲ್ಲಕ್ಕಿಂತ ಸುಲಭವಾದದ್ದು, ಆದರೂ ಮನಸ್ಸಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ಹಸುರು ನೋಡಿ ನಲಿಯುವ ಕಣ್ಣಿಗೆ ಬೇಸಗೆಯ ಬಣ್ಣವೂ ಒಂದು ಬಣ್ಣವೆಂದು ಒಪ್ಪುವ ಅಭ್ಯಾಸ ಬೇಕು. ಗಾಲ್ಫ್ ಬಯಲನ್ನು ಕಾಯುವವನು ತನ್ನ ಮೂರು ಎಕರೆಗೆ ಎಷ್ಟು ಬೇಕೋ ಅಷ್ಟನ್ನು ಪಡೆದು ಉಳಿದ ಬಯಲನ್ನು ಮುಂಗಾರಿಗೆ ಒಪ್ಪಿಸುವುದನ್ನು ಕಲಿಯುತ್ತಿದ್ದಾನೆ. ಆ ಪಾಠ ನಮಗೂ ಬೇಕಾದದ್ದೆಂದು ಹೇಳಿ ನನ್ನ ಮಾತನ್ನು ಮುಗಿಸುತ್ತೇನೆ.